ಕೋಶದಿಂದ ಬಂದ ಪತಂಗದ ರೆಕ್ಕೆ ಬಿಚ್ಕೊಂಡಿಲ್ಲ, ಇನ್ನೊಂದು ಹುಳ ಊಟ ಬಿಟ್ಟಿದೆ, ಏನ್ ತಪ್ಪಾಗಿದೆ ಹೇಳಿ ಪ್ಲೀಸ್ (ತಲೆಬುರುಡೆ ಪತಂಗ)

ಎಲೆಮರೆಕಾಯಿ:
ಎಲ್ರಿಗೂ ನಮಸ್ಕಾರ, ಇಲ್ಲಿಗೆ ಹೊಸಬ ನಾನು. ಬದನೆ ಗಿಡದಲ್ಲಿ ಎರಡು ದಪ್ಪ ಹುಳ ಸಿಕ್ಕಿದ್ವು, ಹಳದಿ ಬಣ್ಣ, ಪಕ್ಕದಲ್ಲಿ ಓರೆ ಓರೆ ಪಟ್ಟೆ, ಹಿಂದ್ಗಡೆ ಒಂದು ಕೊಂಬು. ನೆಟ್ಟಲ್ಲಿ ಹುಡುಕಿದ್ರೆ ಹಾಕ್ ಮಾತ್ (ಒಂದು ಥರದ ದಪ್ಪ ಪತಂಗ), ಅಕೆರೊಂಟಿಯಾ ಅಟ್ರೊಪಾಸ್ ಅಂತ ಬಂತು, ಬೆನ್ನ ಮೇಲೆ ತಲೆಬುರುಡೆ ಇರುತ್ತಲ್ಲ ಅದು, ಖುಷಿಯಾಗಿ ಸಾಕಕ್ಕೆ ಶುರು ಮಾಡ್ದೆ.

ಮೊದಲ್ನೇದು ಒಂದಿನ ಇದ್ದಕ್ಕಿದ್ದಂಗೆ ಎಲೆ ಮುಟ್ಟೋದು ಬಿಡ್ತು, ಡಬ್ಬಿ ತುಂಬಾ ಓಡಾಡಿ ಓಡಾಡಿ ನಾಲ್ಕನೇ ದಿನ ಟಿಶ್ಯೂ ಮೇಲೇ ಸತ್ತೋಯ್ತು. ಎರಡನೇದಕ್ಕೆ ಬುದ್ಧಿ ಬಂದು ಮಣ್ಣು ಹಾಕಿದ್ದೆ, ಒಳಗೆ ಹೋಯ್ತು, ಐದನೇ ದಿನ ತಡೆಯಕ್ಕಾಗ್ದೆ ಅಗೆದು ನೋಡ್ದೆ, ಕೋಶ ಆಗಿತ್ತು, ಮೆತ್ತಗೆ, ತಿಳಿ ಹಳದಿ, ಕೈಯಲ್ಲಿ ಎತ್ತಿ ಫೋಟೋ ತಗೊಂಡು ಒಂದು ಪ್ಲಾಸ್ಟಿಕ್ ಜಾರ್‌ಗೆ ಹಾಕಿಟ್ಟೆ. ನಿನ್ನೆ ರಾತ್ರಿ ಪತಂಗ ಹೊರಗೆ ಬಂದಿದೆ ಆದ್ರೆ ರೆಕ್ಕೆ ಎರಡೂ ಕಡೆ ಮುದುಡಿ ಒದ್ದೆ ಬಟ್ಟೆ ಹಿಂಡಿ ಬಿಟ್ಟಂಗೆ ಇದೆ, ಬೆಳಿಗ್ಗೆ ಮುಟ್ಟಿದ್ರೆ ಕೀಂಯ್ ಕೀಂಯ್ ಅಂತ ಕೂಗ್ತು, ನಿಜ ಹೇಳ್ಬೇಕಂದ್ರೆ ಡಬ್ಬಿ ಕೈಯಿಂದ ಬಿಟ್ಟೇಬಿಟ್ಟೆ.

ಈಗ ಮೂರನೇ ಹುಳ ಒಂದಿದೆ, ಇದು ಲಂಟಾನದಲ್ಲಿ ಸಿಕ್ಕಿದ್ದು, ಇವತ್ತು ಬೆಳಿಗ್ಗೆಯಿಂದ ಇದೂ ಎಲೆ ಬಿಟ್ಟಿದೆ, ಬಣ್ಣ ಕೊಳಕು ಕಂದು ಆಗ್ತಿದೆ, ಹಿಕ್ಕೆ ನೀರ್ ನೀರಾಗಿ ಹಾಕಿದೆ. ರೋಗನಾ? ಮೊದಲ್ನೇದರಿಂದ ಅಂಟಿದ್ಯಾ? ಎಲೆ ಬದಲಾಯಿಸ್ಲಾ? ಯಾರಾದ್ರೂ ಬೇಗ ಹೇಳಿ.

ಹಣ್ಣುಹುಳ:
ಎಲೆ ಬದಲಾಯಿಸ್ಬೇಡಿ, ಮೊದ್ಲು ಮಣ್ಣು ಹಾಕಿ, ಆಮೇಲೆ ಮುಂದಿಂದು ಓದಿ.

ನಿಮ್ಮ ಹುಳಕ್ಕೆ ರೋಗ ಇಲ್ಲ ಅನ್ಸುತ್ತೆ, ರೇಷ್ಮೆ ಸಾಕೋರ ಮಾತಲ್ಲಿ ಹೇಳೋದಾದ್ರೆ ಹುಳ ಹಣ್ಣಾಗಿದೆ, ಅಂದ್ರೆ ಕೋಶ ಆಗಕ್ಕೆ ರೆಡಿ. ನಾಲ್ಕು ಜ್ವರ (ಪೊರೆ ಬಿಡೋದಕ್ಕೆ ಹಂಗಂತಾರೆ) ಮುಗಿಸಿ ಐದನೇ ಹಂತದಲ್ಲಿ ತಿನ್ನೋಷ್ಟು ತಿಂದು, ಕೊನೇದಾಗಿ ಹೊಟ್ಟೆ ಖಾಲಿ ಮಾಡಿ ನೀರು ಹಿಕ್ಕೆ ಹಾಕುತ್ತೆ, ಬಣ್ಣ ಮಂಕಾಗುತ್ತೆ, ಈ ಜಾತಿ ಹುಳ ತನ್ನ ಬಾಯಿ ರಸಾನ ಮೈಗೆಲ್ಲಾ ಸವರ್ಕೊಳ್ಳುತ್ತೆ, ಅದನ್ನ ನೋಡಿ ಬಹಳ ಜನ ಮೈಯಿಂದ ಏನೋ ಸುರೀತಿದೆ ಅಂತ ಗಾಬರಿ ಬೀಳ್ತಾರೆ. ಆಮೇಲೆ ಗಂಟೆಗಟ್ಲೆ ಓಡಾಟ, ಅದು ಮಣ್ಣು ಹುಡುಕೋ ಓಡಾಟ. ರೇಷ್ಮೆ ಹುಳದ ಥರ ಗೂಡು ಕಟ್ಟಲ್ಲ ಇದು, ನೆಲದೊಳಗೆ ಹೋಗಿ ಮಣ್ಣನ್ನೇ ಒತ್ತಿ ಒಂದು ಕೋಣೆ ಮಾಡ್ಕೊಂಡು ಅದ್ರಲ್ಲಿ ಕೋಶ ಆಗುತ್ತೆ. ನಿಮ್ಮ ಮೊದಲ್ನೇ ಹುಳ ಸತ್ತಿದ್ದು ಅಲ್ಲೇ, ಟಿಶ್ಯೂ ಮೇಲೆ ಕೋಣೆ ಎಲ್ಲಿಂದ ಮಾಡುತ್ತೆ ಪಾಪ, ಸುತ್ತಿ ಸುತ್ತಿ ಇದ್ದ ಶಕ್ತಿ ಎಲ್ಲಾ ಖರ್ಚು ಮಾಡ್ಕೊಂಡಿದೆ.

ರೋಗ ಆಗಿದ್ರೆ ಗೊತ್ತಾಗುತ್ತೆ, ಹುಳ ಜೋಲು ಬೀಳುತ್ತೆ, ಮೈ ಕಪ್ಪಗಾಗಿ ಒಳಗೆಲ್ಲಾ ನೀರಾಗುತ್ತೆ, ಕೆಟ್ಟ ವಾಸನೆ. ನಿಮ್ಮದು ಮೈ ಬಿಗಿ ಇದ್ಯಾ? ಓಡ್ತಿದ್ಯಾ? ಹಂಗಿದ್ರೆ ನಿಶ್ಚಿಂತೆ.

ಮಣ್ಣು ಒಂದು ಗೇಣಿಗಿಂತ ಕಮ್ಮಿ ಬೇಡ, ಹೊರಗಡೆ 15ರಿಂದ 40 ಸೆಂ.ಮೀ. ಆಳಕ್ಕೆ ಹೋಗುತ್ತೆ ಇದು. ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಕಬಾರ್ದು, ಅಷ್ಟು ತೇವ. ತೀರಾ ಉದುರು ಮರಳಾದ್ರೆ ಕೋಣೆ ಕುಸಿಯುತ್ತೆ.

ಮತ್ತೆ ಎರಡನೇದರ ಬಗ್ಗೆ, ಬೇಜಾರ್ ಮಾಡ್ಕೋಬೇಡಿ, ಅಲ್ಲಿ ಎರಡು ತಪ್ಪಾಗಿದೆ. ತಿಳಿ ಹಳದಿ ಮೆತ್ತಗಿನ ಕೋಶ ಅಂದ್ರೆ ಆಗಷ್ಟೇ ಪೊರೆ ಬಿಟ್ಟಿದ್ದು, ಅದು ಗಟ್ಟಿಯಾಗಿ ಕೆಂಗಂದು ಬಣ್ಣಕ್ಕೆ ತಿರುಗೋ ಮೊದ್ಲು ಬೆರಳು ತಾಗಿದ್ರೂ ರೆಕ್ಕೆ ಭಾಗ ತಗ್ಗು ಬೀಳುತ್ತೆ. ಆದ್ರೆ ನನ್ನ ಪ್ರಕಾರ ದೊಡ್ಡ ತಪ್ಪು ಅದಲ್ಲ, ಜಾರ್. ಬೆರಳು ತಾಗಿದ್ರೆ ಒಂದು ಕಡೆ ರೆಕ್ಕೆ ಹಾಳಾಗ್ಬೇಕಿತ್ತು, ನಿಮ್ಮದು ಎರಡೂ ಕಡೆ ಒಂದೇ ಥರ ಮುದುಡಿದೆ. ಪತಂಗ ಹೊರಗೆ ಬಂದ ತಕ್ಷಣ ಮೇಲಕ್ಕೆ ಹತ್ತಿ ರೆಕ್ಕೆ ಕೆಳಗೆ ಜೋತು ಬೀಳೋ ಥರ ನೇತಾಡ್ಬೇಕು, ಆಗ ಮೈ ಒಳಗಿನ ದ್ರವಾನ ರೆಕ್ಕೆ ನರಗಳಿಗೆ ಪಂಪ್ ಮಾಡಿ ಬಿಚ್ಕೊಳ್ಳುತ್ತೆ. ನುಣ್ಣನೆ ಪ್ಲಾಸ್ಟಿಕ್ ಗೋಡೆ ಮೇಲೆ ಉಗುರು ಹಿಡಿಯಲ್ಲ, ಹತ್ತೋದು ಜಾರೋದು ಹತ್ತೋದು ಜಾರೋದು, ಅಷ್ಟರಲ್ಲಿ ರೆಕ್ಕೆ ಒಣಗಿ ಹೋಗುತ್ತೆ. ಒಂದು ಸಲ ಒಣಗಿದ್ಮೇಲೆ ದೇವ್ರು ಬಂದ್ರೂ ಬಿಚ್ಚಕ್ಕಾಗಲ್ಲ, ಬಿಸಿ ನೀರಿನ ಹಬೆ ಅದು ಇದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ.

ಎಲೆಮರೆಕಾಯಿ:
ಅಯ್ಯೋ ಮೂರಕ್ಕೆ ಮೂರೂ ನಂದೇ ತಪ್ಪು ಅಂದಂಗಾಯ್ತು. ಬಕೆಟ್ಟಲ್ಲಿ ಮಣ್ಣು ಹಾಕಿ ಬಿಟ್ಟೆ ಸರ್, ಹತ್ತೇ ನಿಮಿಷದಲ್ಲಿ ತಲೆ ತೂರಿಸ್ತು, ಈಗ ಕೊಂಬು ಮಾತ್ರ ಕಾಣ್ತಿದೆ. ಈ ಮುದುಡಿದ ಪತಂಗ ಏನ್ಮಾಡ್ಲಿ? ಹೂವಿನ ಮೇಲೆ ಇಟ್ಟೆ, ಏನೂ ತಿನ್ಲಿಲ್ಲ.

ಹಣ್ಣುಹುಳ:
ಹೂವಲ್ಲಿ ಕುಡಿಯಕ್ಕೆ ಅದಕ್ಕೆ ಆಗೋದು ಕಷ್ಟ. ಬೇರೆ ಹಾಕ್ ಮಾತ್‌ಗಳದ್ದು ಉದ್ದುದ್ದ ಸೊಂಡಿಲು, ಗಾಳಿಯಲ್ಲೇ ನಿಂತು ಆಳದ ಹೂವಿಂದ ಹೀರ್ತವೆ, ಅಕೆರೊಂಟಿಯಾದ್ದು ಮಾತ್ರ ಗಿಡ್ಡ, ದಪ್ಪ, ತುದಿ ಚೂಪು. ಅದು ಇರೋದೇ ಜೇನುಗೂಡಿನ ಮೇಣದ ಮುಚ್ಚಳ ಚುಚ್ಚಿ ಜೇನು ಕುಡಿಯಕ್ಕೆ. ರಾತ್ರಿ ಗೂಡೊಳಗೆ ನುಗ್ಗುತ್ತೆ, ಜೇನ್ನೊಣದ ಮೈ ಮೇಲಿರೋ ಫ್ಯಾಟಿ ಆಸಿಡ್‌ಗಳೇ ಇದರ ಮೈ ಮೇಲೂ ಇರೋದ್ರಿಂದ ವಾಸನೆಗೆ ಮನೆಯವ್ರೇ ಅನ್ಕೋತವೆ ಅವು, ಮೇಲೆ ದಪ್ಪ ಚರ್ಮ ಬೇರೆ.

ಹಾಗಾಗಿ ಜೇನು ಒಂದು ಪಾಲು, ನೀರು ನಾಲ್ಕು ಪಾಲು ಕಲಸಿ ಒಂದು ಮುಚ್ಚಳದಲ್ಲಿ ಹಾಕಿ, ಪತಂಗಾನ ಮೆಲ್ಲಗೆ ಹಿಡ್ಕೊಂಡು ಸೂಜಿಯಿಂದ ಸೊಂಡಿಲು ಬಿಡಿಸಿ ಅದ್ರಲ್ಲಿ ಅದ್ದಿ, ಕೂಗುತ್ತೆ ಒದೆಯುತ್ತೆ, ರುಚಿ ಸಿಕ್ಕಿದ್ಮೇಲೆ ಸುಮ್ನಾಗುತ್ತೆ. ಎರಡು ದಿನಕ್ಕೊಂದು ಸಲ ಸಾಕು. ಹಾರಕ್ಕೆ ಆಗಲ್ಲ ಆದ್ರೆ ಹಂಗೇ ಸ್ವಲ್ಪ ದಿನ ಬದುಕುತ್ತೆ.

ರಾತ್ರಿಪಾಳಿ:
ಮಧ್ಯೆ ಬಾಯಿ ಹಾಕ್ತೀನಿ, ಆ ಕೀಂಯ್ ಸದ್ದು ಎಲ್ಲಿಂದ ಬರುತ್ತೆ? ಮಿಡತೆ ಥರ ಕಾಲು ಉಜ್ಜಿ ಮಾಡುತ್ತಾ? ನಂದೂ ಒಂದು ಸಮಸ್ಯೆ ಇದೆ, ಹುಳದ ಕುತ್ತಿಗೆ ಹತ್ರ ಬಿಳೀ ಚುಕ್ಕಿ ನಾಲ್ಕೈದು ಅಂಟ್ಕೊಂಡಿದೆ, ಅಕ್ಕಿ ನುಚ್ಚಿಗಿಂತ ಸಣ್ಣದು, ನಿನ್ನೆ ಇರ್ಲಿಲ್ಲ.

ಹಣ್ಣುಹುಳ:
ಉಜ್ಜಲ್ಲ, ಉಸಿರು. ಗಾಳೀನ ಗಂಟಲಿಗೆ ಎಳ್ಕೊಂಡು ವಾಪಸ್ ದೂಡುತ್ತೆ, ಒಳಗಿನ ಒಂದು ಸಣ್ಣ ಪದರ ನಡುಗಿ ಸದ್ದಾಗುತ್ತೆ, ಪೀಪಿ ಊದಿದಂಗೆ. ಕೀಟಗಳಲ್ಲಿ ಇದು ತೀರಾ ಅಪರೂಪ.

ಬಿಳೀ ಚುಕ್ಕಿ ಮಾತ್ರ ಒಳ್ಳೇ ಸುದ್ದಿ ಅಲ್ಲ ಗುರು. ರೇಷ್ಮೆಗೆ ಕಾಟ ಕೊಡೋ ಊಜಿ ನೊಣ ಇದ್ಯಲ್ಲ, ಅದೇ ಕುಟುಂಬದ ಯಾವುದೋ ನೊಣದ ಮೊಟ್ಟೆ ಅದು. ಇವತ್ತೇ ಚಿಮಟದಲ್ಲಿ ಒಂದೊಂದಾಗಿ ಕಿತ್ತು ನೋಡಿ, ಮೊಟ್ಟೆ ಒಡೆದು ಮರಿ ಒಳಗೆ ಹೋಗಿಬಿಟ್ಟಿದ್ರೆ ಏನೂ ಮಾಡಕ್ಕಾಗಲ್ಲ. ಕಿತ್ತ ಜಾಗದಲ್ಲಿ ಕಪ್ಪು ಚುಕ್ಕಿ ಕಂಡ್ರೆ ಒಳಗೆ ಹೋಗಿದೆ ಅಂತ. ಬಲೆ ಮುಚ್ಚಿ ಸಾಕಿ ಇನ್ಮೇಲೆ.

ಎಲೆಮರೆಕಾಯಿ:
ಜೇನು ಕುಡೀತು!! ಸೊಂಡಿಲು ನೋಡಿ ನಿಜವಾಗ್ಲೂ ಆಶ್ಚರ್ಯ ಆಯ್ತು, ಮೊಳೆ ಥರ ಇದೆ. ಅಂದಂಗೆ ಇದು ಅಟ್ರೊಪಾಸೇ ತಾನೆ? ಲಂಟಾನದ್ದೂ ಅದೇ ಇರ್ಬೇಕಲ್ವಾ?

ಬುರುಡೆಬೆನ್ನು:
ಇಲ್ಲಿವರ್ಗೂ ಸುಮ್ನೆ ಓದ್ತಿದ್ದೆ, ಹೆಸರಿನ ವಿಷಯ ಬಂತಲ್ಲ ಅದಕ್ಕೆ ಬರೀತಿದೀನಿ. ಅಟ್ರೊಪಾಸ್ ಅಂತ ಸರ್ಚ್‌ನಲ್ಲಿ ಎಲ್ರಿಗೂ ಬರುತ್ತೆ ಯಾಕಂದ್ರೆ ಜಾಸ್ತಿ ಫೋಟೋ ಇರೋದೇ ಅದರದ್ದು, ಆದ್ರೆ ಅದು ಆಫ್ರಿಕಾ ಯುರೋಪ್ ಕಡೇದು. ಈ ಕುಲದಲ್ಲಿ ಇರೋದೇ ಮೂರು ಪ್ರಭೇದ, ಅಟ್ರೊಪಾಸ್, ಸ್ಟಿಕ್ಸ್, ಲಾಕೆಸಿಸ್. ನಮ್ ಕಡೆ ಸಿಗೋದು ಕೊನೇ ಎರಡು.

ಹೆಸರೆಲ್ಲಾ ಗ್ರೀಕ್ ಪುರಾಣದ ಸಾವಿನ ಇಲಾಖೆಯಿಂದ ತಂದಿರೋದು. ಅಕೆರಾನ್ ಮತ್ತು ಸ್ಟಿಕ್ಸ್ ಪಾತಾಳದ ನದಿಗಳು, ವಿಧಿ ಬರೆಯೋ ಮೂರು ಜನ ಅಕ್ಕತಂಗಿಯರಲ್ಲಿ ಲಾಕೆಸಿಸ್ ಆಯಸ್ಸಿನ ದಾರ ಅಳೆಯೋಳು, ಅಟ್ರೊಪಾಸ್ ಕತ್ತರಿಸೋಳು. ದಾರ ನೂಲೋ ಮೂರನೇ ಅಕ್ಕ ಕ್ಲೋತೋ ಹೆಸರು ಮಾತ್ರ ಬೇರೆ ಕುಲಕ್ಕೆ ಹೋಗಿದೆ, ಥೆರೆಟ್ರಾ ಕ್ಲೋತೋ, ಅದರ ಬೆನ್ನ ಮೇಲೆ ಬುರುಡೆ ಗಿರುಡೆ ಏನಿಲ್ಲ. ಅಟ್ರೊಪಾಸ್‌ಗೆ ಲಿನೇಯಸ್ 1758ರಲ್ಲಿ ಹೆಸರಿಟ್ಟ, ಲಾಕೆಸಿಸ್‌ಗೆ ಫ್ಯಾಬ್ರಿಷಿಯಸ್ 1798ರಲ್ಲಿ, ಸ್ಟಿಕ್ಸ್‌ಗೆ ವೆಸ್ಟ್‌ವುಡ್ 1847ರಲ್ಲಿ, ಒಬ್ಬರ ಹಿಂದೆ ಒಬ್ರು ಅದೇ ಹಾಡು ಹಾಡಿದಾರೆ.

ಈಗ ನಿಮ್ಮ ಪತಂಗ ತಿರುಗಿಸಿ ಹೊಟ್ಟೆ ಅಡಿ ನೋಡಿ, ರೆಕ್ಕೆ ಮುದುಡಿದ್ರೂ ಹೊಟ್ಟೆ ಸುಳ್ಳು ಹೇಳಲ್ಲ. ಅಡ್ಡಡ್ಡ ಕಪ್ಪು ಪಟ್ಟಿ ಇಲ್ದೆ ಬರೀ ಹಳದಿ ಇದ್ರೆ ಸ್ಟಿಕ್ಸ್, ಪಟ್ಟಿ ಇದ್ರೆ ಲಾಕೆಸಿಸ್. ಮತ್ತೆ ಲಂಟಾನದ ಹುಳದ ಕೊಂಬಿನ ಫೋಟೋ ಇದ್ಯಾ? ಹುಳದ ಬಣ್ಣ ನೋಡಿ ಹೇಳಕ್ಕೆ ಹೋಗ್ಬೇಡಿ, ಒಂದೇ ಪ್ರಭೇದದಲ್ಲಿ ಹಸಿರು ಹಳದಿ ಕಂದು ಮೂರೂ ಬರುತ್ತೆ, ಗಿಡ ನೋಡಿನೂ ಹೇಳಕ್ಕಾಗಲ್ಲ, ಎರಡೂ ಸಿಕ್ಕಾಪಟ್ಟೆ ಗಿಡ ತಿಂತವೆ, ಸ್ಟಿಕ್ಸ್ ಎಳ್ಳು ಗಿಡಾನೂ ಬಿಡಲ್ಲ.

ಎಲೆಮರೆಕಾಯಿ:
ಹೊಟ್ಟೆ ಅಡಿ ಬರೀ ಹಳದಿ, ಪಟ್ಟಿ ಇಲ್ಲ. ಅಂದ್ರೆ ಸ್ಟಿಕ್ಸ್! ಮೂರನೇದರ ಹಳೇ ಫೋಟೋ ಹಾಕಿದೀನಿ, ಕೊಂಬಿನ ತುದಿ ಉಂಗುರದ ಥರ ಸುತ್ಕೊಂಡಿದೆ, ನಾನು ಅದೇನೋ ಗಾಯ ಆಗಿ ಹಂಗಾಗಿದೆ ಅನ್ಕೊಂಡಿದ್ದೆ.

ಬುರುಡೆಬೆನ್ನು:
ಗಾಯ ಅಲ್ಲ, ನಿಮ್ ಅದೃಷ್ಟ. ಆ ಸುತ್ತು ಲಾಕೆಸಿಸ್ ಹುಳದ್ದು, ಸ್ಟಿಕ್ಸ್‌ದು ಕೆಳಗೆ ಬಾಗಿ ತುದಿ ಮೇಲಕ್ಕೆ ಎದ್ದಿರುತ್ತೆ ಅಷ್ಟೇ, ಸುತ್ತು ಹಾಕಲ್ಲ. ಬೆಲ್ ಮತ್ತು ಸ್ಕಾಟ್ 1937ರಲ್ಲೇ ಈ ಹುಳಗಳ ವಿವರ ಬರೆದಿಟ್ಟಿದಾರೆ, ಈಗ್ಲೂ ಹುಳ ಗುರುತಿಸಕ್ಕೆ ಅದೇ ಆಧಾರ. ಪತಂಗ ಬಂದ್ಮೇಲೆ ಹಿಂದಿನ ರೆಕ್ಕೆ ಬುಡ ನೋಡಿ, ಲಾಕೆಸಿಸ್ ಆದ್ರೆ ಬುಡದಲ್ಲೇ ದೊಡ್ಡ ಕಪ್ಪು ಮಚ್ಚೆ ಇರುತ್ತೆ, ಸ್ಟಿಕ್ಸ್‌ಗೆ ಬುಡ ಹಳದಿ. ಈ ಸಲ ರೆಕ್ಕೆ ಬಿಚ್ಚಲೇಬೇಕು ಮಾರಾಯ್ರೆ, ನಮಗೂ ಫೋಟೋ ಬೇಕು.

ಎಲೆಮರೆಕಾಯಿ:
ಹಂಗಾದ್ರೆ ಈಗ ಯಾವಾಗ ಅಗೀಲಿ? ಅಥವಾ ಅಗೀಲೇಬಾರ್ದಾ?

ಹಣ್ಣುಹುಳ:
ಅಗೀದೇ ಇದ್ರೆ ಅತ್ಯುತ್ತಮ. ಬಕೆಟ್ ಹಂಗೇ ಬಿಟ್ಟು ಮಣ್ಣಿನ ಮೇಲೆ ನಾಲ್ಕೈದು ಒರಟು ಕಡ್ಡಿ ನಿಲ್ಸಿ, ಮೇಲೆ ಬಲೆ ಕಟ್ಟಿ, ಕಡ್ಡಿ ಒಂದು ಗೇಣಾದ್ರೂ ಎತ್ತರ ಇರ್ಲಿ, ಸುತ್ತ ರೆಕ್ಕೆ ತಾಗದಷ್ಟು ಜಾಗ ಇರ್ಲಿ, ಈ ಪತಂಗ ಬಿಚ್ಕೊಂಡ್ರೆ 13 ಸೆಂ.ಮೀ. ತನಕ ಬರುತ್ತೆ. ಮೇಲ್ಮಣ್ಣು ಒಣಗಿದ್ರೆ ಸ್ವಲ್ಪ ನೀರು ಚಿಮುಕಿಸಿ, ಒಣಗಿದ ಕೋಶದಿಂದ ಪತಂಗ ಬಿಡಿಸ್ಕೊಳ್ಳಕ್ಕಾಗ್ದೆ ಅರ್ಧಕ್ಕೇ ಸಿಕ್ಕಾಕ್ಕೊಳ್ಳುತ್ತೆ, ಜಾಸ್ತಿ ಒದ್ದೆ ಆದ್ರೆ ಬೂಷ್ಟು. ಕೈ ತುರಿಸಿದ್ರೆ ಎರಡು ವಾರ ಆದ್ಮೇಲೆ ಅಗೀರಿ, ಅಷ್ಟೊತ್ತಿಗೆ ಕೋಶ ಗಟ್ಟಿಯಾಗಿರುತ್ತೆ, ಮುಟ್ಟಿದ್ರೆ ಬಾಲ ಒದ್ದಾಡಿಸ್ಬೇಕು, ಹಂಗಿದ್ರೆ ಜೀವ ಇದೆ ಅಂತ.

ಹೊರಗೆ ಬಂದ್ಮೇಲೆ ಕಡ್ಡಿ ಹಿಡೀದೆ ನೆಲದಲ್ಲಿ ಒದ್ದಾಡ್ತಿದ್ರೆ ಮಾತ್ರ ನೀವು ಕೈ ಹಾಕ್ಬೇಕು, ಒಂದು ಕಡ್ಡಿ ಮುಂದೆ ಹಿಡೀರಿ, ತಾನೇ ಹತ್ತುತ್ತೆ. ಅರ್ಧ ಮುಕ್ಕಾಲು ಗಂಟೆ ಒಳಗೆ ಆಗ್ಬೇಕು ಈ ಕೆಲ್ಸ.

ರಾತ್ರಿಪಾಳಿ:
ನಂದು ಮುಗೀತು. ಚುಕ್ಕಿ ಕಿತ್ತೆ, ಎರಡರ ಕೆಳಗೆ ಕಪ್ಪು ಇತ್ತು. ಹುಳ ಮಣ್ಣಿಗೇನೋ ಹೋಯ್ತು, ಹದಿನೈದು ದಿನ ಬಿಟ್ಟು ನೋಡಿದ್ರೆ ಖಾಲಿ ಚರ್ಮ, ಪಕ್ಕದಲ್ಲಿ ಎರಡು ಕಂದು ಬಣ್ಣದ ಕಾಳಿನ ಥರದ್ದು. ನಿನ್ನೆ ಅದ್ರಿಂದ ನೊಣ ಬಂತು. ಸಾಕಿದ್ದು ನಾನು, ತಿಂದು ಬೆಳೆದಿದ್ದು ಅದು.

ಹಣ್ಣುಹುಳ:
ನಂದು ಹೀಗೆ ಎಷ್ಟು ಹೋಗಿದೆಯೋ ಲೆಕ್ಕ ಇಲ್ಲ. ಮುಂದಿನ ಸಲ ಸಣ್ಣ ಹುಳ ಇರುವಾಗ್ಲೇ ತಂದು ಬಲೆಯೊಳಗೆ ಹಾಕಿ, ದೊಡ್ಡ ಹುಳ ತಂದ್ರೆ ನೊಣ ಆಗ್ಲೇ ಮುಟ್ಟಿರೋ ಚಾನ್ಸ್ ಜಾಸ್ತಿ. ಮತ್ತೆ ಯಾವ ಗಿಡದ್ದೋ ಅದೇ ಗಿಡದ ಎಲೆ ಕೊಡಿ, ಮಧ್ಯದಲ್ಲಿ ಬೇರೆ ಕೊಟ್ರೆ ಎಷ್ಟೋ ಹುಳ ಉಪವಾಸ ಸಾಯುತ್ವೆ ಹೊರತು ಬಾಯಿ ಹಾಕಲ್ಲ.

ಎಲೆಮರೆಕಾಯಿ:
ಅಪ್‌ಡೇಟ್. ಅಗೀಲಿಲ್ಲ, ಆಣೆ. ಮಣ್ಣಿಗೆ ಹೋಗಿ ಇಪ್ಪತ್ತಾರನೇ ರಾತ್ರಿ ಕೆರೆಯೋ ಸದ್ದು ಕೇಳಿ ಟಾರ್ಚ್ ಹಾಕಿದ್ರೆ ಮೈಗೆಲ್ಲಾ ಮಣ್ಣು ಮೆತ್ಕೊಂಡು ಕಡ್ಡಿ ಹತ್ತಿದೆ, ರೆಕ್ಕೆ ಅಂತ ಇರೋದು ಬೆರಳುಗುರಿನಷ್ಟು, ನಂಗೆ ಎದೆ ಧಸಕ್ ಅಂತು, ಇದೂ ಹೋಯ್ತು ಅನ್ಕೊಂಡೆ. ಅಲ್ಲಾಡ್ದೆ ನಿಂತು ನೋಡ್ತಾ ಇದ್ದೆ, ಕಣ್ಣೆದುರಿಗೇ ಇಳಿತಾ ಇಳಿತಾ ಮುಕ್ಕಾಲು ಗಂಟೇಲಿ ಪೂರ್ತಿ ಬಿಚ್ಕೊಳ್ತು. ಹೊಟ್ಟೆ ಅಡಿ ಕಪ್ಪು ಪಟ್ಟಿ ಇದೆ, ಹಿಂದಿನ ರೆಕ್ಕೆ ಬುಡ ಕಪ್ಪು, ಸ್ಟಿಕ್ಸ್‌ಗಿಂತ ದೊಡ್ಡದು. ಲಾಕೆಸಿಸ್ ಅಲ್ವಾ ಬುರುಡೆಬೆನ್ನು ಅವ್ರೆ?

ಬುರುಡೆಬೆನ್ನು:
ನೂರಕ್ಕೆ ನೂರು ಲಾಕೆಸಿಸ್. ಹೆಣ್ಣು ಅನ್ಸುತ್ತೆ, ಹೊಟ್ಟೆ ದಪ್ಪ ನೋಡಿ. ನಾಳೆ ಕತ್ತಲಾದ್ಮೇಲೆ ಬಿಡಿ, ಹತ್ರ ಲೈಟ್ ಇಲ್ದೇ ಇರೋ ಕಡೆ, ಇಲ್ಲಾಂದ್ರೆ ಬಲ್ಬಿಗೆ ಬಡ್ಕೊಂಡು ಅಲ್ಲೇ ಉಳಿಯುತ್ತೆ. ಬಿಟ್ಮೇಲೆ ಎಲ್ಲಿಗೆ ಹೋಗುತ್ತೋ ಯಾರಿಗ್ ಗೊತ್ತು, ಅಟ್ರೊಪಾಸ್‌ಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಅಂಟಿಸಿ ವಿಮಾನದಲ್ಲಿ ಹಿಂದೆ ಹೋಗಿ ನೋಡಿದಾರೆ, 2022ರಲ್ಲಿ ಪ್ರಕಟ ಆಯ್ತು, ಆಲ್ಪ್ಸ್ ಪರ್ವತದ ಕಡೆ ರಾತ್ರಿ ಹೊತ್ತು 80 ಕಿ.ಮೀ. ಹತ್ರ ನೆಟ್ಟಗೆ ಹಾರಿದೆ.

ಎಲೆಮರೆಕಾಯಿ:
ಬಿಟ್ಟೆ. ಕೈ ಮೇಲೆ ಕೂತು ಐದು ನಿಮಿಷ ಗಡಗಡ ನಡುಗಿ ಆಮೇಲೆ ಒಂದೇ ಸಲ ಎದ್ದೋಯ್ತು, ಹೋಗುವಾಗ ಒಂದ್ಸಲ ಕೀಂಯ್ ಅಂತು. ಸ್ಟಿಕ್ಸ್ ಇನ್ನೂ ಇದೆ, ಅದು ಇಷ್ಟು ದಿನ ಇರುತ್ತೆ ಅನ್ಕೊಂಡಿರ್ಲಿಲ್ಲ, ಈಗ ಮುಚ್ಚಳ ಕಂಡ ತಕ್ಷಣ ತಾನೇ ಸೊಂಡಿಲು ಚಾಚುತ್ತೆ, ಸೂಜಿ ಬೇಕಾಗಲ್ಲ.