ಟ್ರೋಮ್ಸೋಗೆ ಯಾವ ಕಾಲದಲ್ಲಿ ಹೋಗೋದು ಒಳ್ಳೇದು?

ಪ್ರಶ್ನೆ: ಅಪ್ಪ-ಅಮ್ಮನ್ನ ಕರ್ಕೊಂಡು ನಾರ್ವೆಯ ಟ್ರೋಮ್ಸೋಗೆ ಹೋಗೋ ಯೋಚನೆ ಇದೆ. ಮೈಸೂರಿನವರು, ಅರವತ್ತು ದಾಟಿದೆ, ನಡೆಯೋದಂದ್ರೆ ಇಷ್ಟ. ಚಳಿಗಾಲದಲ್ಲಿ ಹೊರಗೆ ಓಡಾಡೋಕಾಗುತ್ತಾ?

ಉತ್ತರ 1: ಖಂಡಿತ ಆಗುತ್ತೆ. ನಾನಿರೋದು ಇಲ್ಲೇ. ಸಮುದ್ರದ ಬೆಚ್ಚಗಿನ ಪ್ರವಾಹ ಇರೋದ್ರಿಂದ ಚಳಿ ನೀವಂದುಕೊಂಡಷ್ಟು ಇರಲ್ಲ. ಭಯಪಡಬೇಕಾದ್ದು ಜಾರುವುದಕ್ಕೆ. ಹಿಮ ಕರಗಿ ರಾತ್ರಿ ಮತ್ತೆ ಗಟ್ಟಿಯಾದರೆ ರಸ್ತೆ ಗಾಜಿನ ಹಾಗೆ. ಬಂದ ದಿನವೇ ಶೂಗೆ ಹಾಕೋ ಮೊಳೆಯಿರುವ ರಬ್ಬರ್ ಪಟ್ಟಿ ಕೊಡಿಸಿ, ದಯವಿಟ್ಟು ಇದನ್ನ ಮುಂದೂಡಬೇಡಿ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೇರೋದೇ ಇಲ್ಲ, ಆದರೆ ನಡುಹಗಲಲ್ಲಿ ಸ್ವಲ್ಪ ಹೊತ್ತು ಎಲ್ಲಾ ಕಡೆ ನೀಲಿ ಬೆಳಕು. ಆಗ ಊರಿರೋ ದ್ವೀಪದ ನೆತ್ತಿಯಲ್ಲಿರೋ ಪ್ರೆಸ್ಟ್‌ವಾನೆಟ್ ಕೆರೆ ಸುತ್ತಿಸಿ. ಸಮತಟ್ಟು ದಾರಿ, ಅಮ್ಮನಿಗೂ ಸುಸ್ತಾಗಲ್ಲ.

ಉತ್ತರ 2: ಬೇಸಿಗೆಯಾದರೆ ಊರ ಪಕ್ಕದ ಬೆಟ್ಟ ಹತ್ತೋ ಶೆರ್ಪಾ ಮೆಟ್ಟಿಲು! ನೇಪಾಳದ ಶೆರ್ಪಾಗಳು ಕಲ್ಲು ಜೋಡಿಸಿ ಕಟ್ಟಿದ್ದು, 1,200ಕ್ಕೂ ಹೆಚ್ಚು ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವರು ಹತ್ತೇ ಹತ್ತುತ್ತಾರೆ. ಇಳಿಯೋಕೆ ಕೇಬಲ್ ಕಾರ್ ಇದೆ, ಮಂಡಿ ಉಳಿಯುತ್ತೆ. ಮೇ 20ರ ಸುಮಾರಿನಿಂದ ಜುಲೈ 22ರವರೆಗೆ ಸೂರ್ಯ ಮುಳುಗಲ್ಲ, ರಾತ್ರಿ ಊಟ ಮುಗಿಸಿಯೇ ಹೊರಡಬಹುದು.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಅರೋರಾನೂ (ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು) ನೋಡಬೇಕಂತೆ.

ಉತ್ತರ 1: ಹಾಗಾದ್ರೆ ಸೆಪ್ಟೆಂಬರ್ ಕೊನೇ ವಾರ ಬನ್ನಿ. ರಾತ್ರಿ ಕತ್ತಲಿರುತ್ತೆ, ಕೆಳಗಿನ ದಾರಿಗಳಲ್ಲಿ ಸಾಮಾನ್ಯವಾಗಿ ಹಿಮ ಇರಲ್ಲ. ಮೋಡದ ಕಾಟ ಇದ್ದೇ ಇದೆ, ನಾಲ್ಕೈದು ರಾತ್ರಿ ಇಟ್ಕೊಳ್ಳಿ.