ಹೆರಿಗೆ ವೇಳೆ ಮಗುವಿಗೆ ಆಕ್ಸಿಜನ್ ಕಡಿಮೆ ಆಗುವುದು ಯಾರಿಗೆ ಜಾಸ್ತಿ?

ಕಳಸದ ಅಣ್ಣ:
ತಂಗಿಗೆ ಈಗ 36 ವಾರ. ಬಾಣಂತನಕ್ಕೆ ಅಂತ ಕಳಸದ ಹತ್ತಿರ ನಮ್ಮ ಮನೆಗೆ ಬಂದಿದ್ದಾಳೆ. ಬಿಪಿ ಸ್ವಲ್ಪ ಜಾಸ್ತಿ, ಮಾತ್ರೆ ನಡೀತಿದೆ. ಮೊದಲನೇದು ಸಿಸೇರಿಯನ್. ಹೋದ ವರ್ಷ ಪಕ್ಕದ ಎಸ್ಟೇಟಿನವರ ಮಗು ಹುಟ್ಟಿದಾಗ ಅಳಲೇ ಇಲ್ಲ, ಆಕ್ಸಿಜನ್ ಸಾಲಲಿಲ್ಲ ಅಂದರು, ಈಗ ಅದಕ್ಕೆ ಫಿಟ್ಸ್ ಬರುತ್ತದೆ. ಅಮ್ಮನಿಗೆ ಅದೇ ಚಿಂತೆ. ಇದು ಮುಂಚೆಯೇ ಗೊತ್ತಾಗುವುದಿಲ್ವಾ? ಮಳೆ ಬೇರೆ ಶುರುವಾಗಿದೆ, ಕೊಟ್ಟಿಗೆಹಾರದ ಕಡೆ ಮರ ಬಿದ್ದರೆ ರಸ್ತೆ ಗತಿ ನಿಮಗೇ ಗೊತ್ತು.

ಬೇಲೂರು ಹುಡುಗ:
ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದೆಯಾ ಅಂತ ಸ್ಕ್ಯಾನಿಂಗಲ್ಲಿ ನೋಡಿಸಿ. ಇದ್ದರೆ ಸುಮ್ನೆ ಆಪರೇಷನ್ ಮಾಡಿಸಿಬಿಡಿ.

ಲೇಬರ್ ವಾರ್ಡ್ ಅಕ್ಕ, ಹಾಸನ:
ಹಾಗೆಲ್ಲ ಹೆದರಿಸಬೇಡಿ. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಕೊರಳಲ್ಲಿ ಬಳ್ಳಿ ಇರುತ್ತದೆ, ಬಹುಪಾಲು ಏನೂ ಆಗುವುದಿಲ್ಲ. ಅಪಾಯ ಬಳ್ಳಿ ಮಗುವಿಗಿಂತ ಮುಂಚೆ ಜಾರಿ ಕೆಳಗೆ ಬಂದಾಗ.

ಅಣ್ಣ, ನಿಮ್ಮ ತಂಗಿಯ ವಿಷಯದಲ್ಲಿ ಎರಡು ಗಮನಿಸಿ. ಬಿಪಿ ಜಾಸ್ತಿಯಾದರೆ ಮಾಸಿಗೆ, ಅಂದರೆ ಪ್ಲಸೆಂಟಾಗೆ, ಹೋಗುವ ರಕ್ತ ಕಡಿಮೆಯಾಗಬಹುದು, ಕೆಲವೊಮ್ಮೆ ಮಾಸು ಮಗು ಹುಟ್ಟುವ ಮುಂಚೆಯೇ ಬಿಟ್ಟುಕೊಳ್ಳುತ್ತದೆ. ಆಗ ಹೊಟ್ಟೆ ಗಟ್ಟಿಯಾಗಿ ಬಿಡದೆ ನೋಯುತ್ತದೆ, ರಕ್ತವೂ ಹೋಗಬಹುದು. ಇನ್ನೊಂದು, ಹಳೇ ಸಿಸೇರಿಯನ್ ಗಾಯ. ನೋವು ಬಂದಾಗ ಅದು ಬಿಟ್ಟುಕೊಳ್ಳುವುದು ಅಪರೂಪ, ಆದರೆ ಹಾಗೇನಾದರೂ ಆಯಿತೋ ನಿಮಿಷಗಳ ಲೆಕ್ಕ. ಅದಕ್ಕೇ ಕಳಸದಲ್ಲಿ ಕೂತು ನೋವಿಗೆ ಕಾಯುವುದು ಬೇಡ ಅನ್ನುತ್ತೇನೆ.

ಉಳಿದಂತೆ ತಾಯಿಗೆ ಶುಗರ್, ತುಂಬಾ ರಕ್ತಹೀನತೆ, ಜ್ವರ, ದಿನ ತುಂಬದ ಅಥವಾ ಬೆಳವಣಿಗೆ ಕಡಿಮೆ ಇರುವ ಮಗು, 41 ವಾರ ದಾಟಿದ್ದು, ತುಂಬಾ ಹೊತ್ತು ಎಳೆದ ಹೆರಿಗೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇದ್ಯಾವುದೂ ಇಲ್ಲದವರಿಗೂ ಆಗುತ್ತದೆ, ಅದೇ ತಲೆನೋವು.

ಪ್ರತಿ ಸಲ ನೋವು ಬಂದಾಗ ಮಗುವಿಗೆ ಹೋಗುವ ರಕ್ತ ಸ್ವಲ್ಪ ಕಡಿಮೆಯಾಗುತ್ತದೆ, ನೋವು ಬಿಟ್ಟಾಗ ಸರಿಹೋಗುತ್ತದೆ. ಹೇಮಾವತಿಯಲ್ಲಿ ಈಜುವವನು ನಡುನಡುವೆ ತಲೆ ಎತ್ತಿ ಉಸಿರು ತಗೊಂಡ ಹಾಗೆ. ನೋವು ಬರಿಸುವ ಡ್ರಿಪ್ ಜಾಸ್ತಿಯಾಗಿ 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬಂದರೆ ಆ ಬಿಡುವೇ ಸಿಗುವುದಿಲ್ಲ. "ಡ್ರಿಪ್ ಜೋರು ಮಾಡಿ, ಬೇಗ ಆಗಲಿ" ಅಂತ ಮನೆಯವರೇ ನಮ್ಮ ಮೇಲೆ ಒತ್ತಡ ಹಾಕುವುದುಂಟು! ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ನೋವು ಶುರುವಾದ ಮೇಲೆ ಕನಿಷ್ಠ ಅರ್ಧ ಗಂಟೆಗೊಮ್ಮೆ, ಮುಕ್ಕುವಾಗ 5 ನಿಮಿಷಕ್ಕೊಮ್ಮೆ ಕೇಳುತ್ತಾರೆ. ನಿಮ್ಮ ತಂಗಿಗೆ ಬಿಪಿ ಇದೆ, ಹಳೇ ಹೊಲಿಗೆ ಇದೆ, ಹಾಗಾಗಿ ಸಹಜ ಹೆರಿಗೆಗೆ ಬಿಟ್ಟು ನೋಡುವುದಾದರೆ ಎದೆಬಡಿತ ನೋಡುವ ಮೆಷಿನ್ ಹಾಕಿಯೇ ಇಟ್ಟರೆ ಒಳ್ಳೆಯದು.

ಸಕಲೇಶಪುರದ ಗೃಹಿಣಿ:
ನನಗೆ ಶುಗರ್ ಇತ್ತು. ಕೊನೇ ತಿಂಗಳು ಹಾಸನದಲ್ಲಿ ಚಿಕ್ಕಮ್ಮನ ಮನೆಯಲ್ಲೇ ಇದ್ದೆ. ಒಂದು ಸಂಜೆ ಮಗು ಆಡುವುದು ಕಡಿಮೆ ಅನ್ನಿಸಿತು. ತಣ್ಣೀರು ಕುಡಿ, ಸ್ವೀಟ್ ತಿನ್ನು ಅಂದರು ಮನೆಯಲ್ಲಿ, ನಾನು ಕೇಳದೆ ಆಟೋ ಹತ್ತಿದೆ. ಎದೆಬಡಿತ ನೋಡಿ ಅವತ್ತೇ ಆಪರೇಷನ್ ಮಾಡಿದರು. ಮಗು ಚೆನ್ನಾಗಿದೆ. ಆಡುವುದು ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಕಳಸದ ಅಣ್ಣ:
ಥ್ಯಾಂಕ್ಸ್ ಅಕ್ಕಾ. ಆಸ್ಪತ್ರೆಯಲ್ಲಿ ಏನು ಕೇಳಬೇಕು?

ಲೇಬರ್ ವಾರ್ಡ್ ಅಕ್ಕ, ಹಾಸನ:
ರಾತ್ರಿ ಎರಡು ಗಂಟೆಗೂ ಆಪರೇಷನ್ ಆಗುತ್ತದಾ, ಅರಿವಳಿಕೆ ಡಾಕ್ಟರ್ ಸಿಗುತ್ತಾರಾ, ರಕ್ತ ಇದೆಯಾ, ಕೇಳಿ. ಮಗು ಅಳದಿದ್ದರೆ ಮೊದಲ ನಿಮಿಷದೊಳಗೆ ಬ್ಯಾಗ್ ಮಾಸ್ಕ್‌ನಲ್ಲಿ ಗಾಳಿ ಕೊಡಲು ಕಲಿತವರು ಪಕ್ಕದಲ್ಲೇ ಇರಬೇಕು. ನವಜಾತ ಶಿಶು ಘಟಕ ಅಲ್ಲೇ ಇದ್ದರೆ ಒಳ್ಳೆಯದು, ಜಿಲ್ಲಾಸ್ಪತ್ರೆಯಲ್ಲಿ ಇರುತ್ತದೆ. ತಾಯಿ ಕಾರ್ಡ್, ಹಳೇ ಆಪರೇಷನ್ ಚೀಟಿ ಒಂದೇ ಕವರಲ್ಲಿ ಇಡಿ. ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಕಳಸದ ಅಣ್ಣ:
ಚಿಕ್ಕಮಗಳೂರಲ್ಲಿ ಮಾವನ ಮನೆ ಇದೆ, ಈ ಭಾನುವಾರವೇ ಕರೆದುಕೊಂಡು ಹೋಗುತ್ತೇವೆ. ಬಾಣಂತನದ ಸಾಮಾನೆಲ್ಲ ಇಲ್ಲೇ ಜೋಡಿಸಿಟ್ಟಿದ್ದೀನಿ ಅಂತ ಅಮ್ಮ ಗೊಣಗುತ್ತಿದ್ದಾರೆ. ನಿಮ್ಮ ಉತ್ತರ ಓದಿ ಹೇಳುತ್ತೇನೆ.