ಜಪಾನಿನ ಬಿದಿರಿನ ಬೀಸಣಿಗೆ: ಮೀನು ನೋಡಬೇಕಾ, ಕಡ್ಡಿ ನೋಡಬೇಕಾ?

ಕೇಳಿದ್ದು

ಒಸಾಕಾದಲ್ಲಿರುವ ತಂಗಿ ಆಗಸ್ಟಿನಲ್ಲಿ ಊರಿಗೆ ಬರುತ್ತಾಳೆ. ಅಮ್ಮನಿಗೆ ಒಂದು ಉಚಿವಾ ತಾ ಅಂದಿದ್ದೇನೆ. ಅದೇ, ಮಡಚಲು ಬಾರದ, ದುಂಡಗಿನ ಬೀಸಣಿಗೆ. ಗೋಲ್ಡ್ ಫಿಶ್ ಚಿತ್ರ ಇರೋದೇ ಬೇಕು ಅಂತ ನನ್ನ ಹಟ. ಅಂಗಡಿಯಿಂದ ಆರು ಫೋಟೋ ಕಳಿಸಿದಳು. ನನಗೆ ಎಲ್ಲ ಒಂದೇ ಥರ ಕಾಣುತ್ತವೆ, ಬೆಲೆ ಮಾತ್ರ ಹತ್ತು ಪಟ್ಟು ಹೆಚ್ಚುಕಡಿಮೆ! ಏನು ನೋಡಿ ಆರಿಸಬೇಕು? ಅಮ್ಮ ಇರೋದು ಉಡುಪಿ ಹತ್ತಿರ. ನಮ್ಮ ಮಳೆಗಾಲದಲ್ಲಿ ಅದು ಉಳಿಯುತ್ತಾ?

ಕಾಗಾವಾದಲ್ಲಿ ಮೂರು ವರ್ಷ ಇದ್ದವರು

ಮೀನು ಆಮೇಲೆ. ಮೊದಲು ಹಿಡಿಕೆಯ ಫೋಟೋ ತರಿಸಿ. ಹಿಡಿಕೆ ಮುಗಿದು ಕಾಗದ ಶುರುವಾಗುವ ಕಡೆ ಕಡ್ಡಿಗಳು ಬರಿದಾಗಿ ಕಾಣುತ್ತವಲ್ಲ, ಕೆಲಸ ಗೊತ್ತಾಗೋದು ಅಲ್ಲಿ.

ನಾನಿದ್ದ ಊರಿಗೆ ಮಾರುಗಾಮೆ ಹತ್ತಿರ. ಜಪಾನಿನ ಉಚಿವಾಗಳಲ್ಲಿ ಸುಮಾರು ಶೇ. 90 ಅಲ್ಲಿಯವೇ. ಎದೋ ಕಾಲದಲ್ಲಿ (17ರಿಂದ 19ನೇ ಶತಮಾನ) ಕೊಂಪಿರಾ ದೇವರ ದರ್ಶನಕ್ಕೆ ಬಂದವರು ಇದನ್ನು ಊರಿಗೆ ಒಯ್ಯುತ್ತಿದ್ದರು, ನಾವು ಧರ್ಮಸ್ಥಳದಿಂದ ಏನಾದರೂ ತರೋ ಹಾಗೆ. ಅಲ್ಲಿನ ಉಚಿವಾ ಮ್ಯೂಸಿಯಂನಲ್ಲಿ ನಾನೂ ಒಂದಕ್ಕೆ ಕಾಗದ ಅಂಟಿಸಿದೆ. ಅಂಟು ಜಾಸ್ತಿಯಾಗಿ ಕಾಗದ ಸುಕ್ಕಾಯಿತು. ಪಕ್ಕದಲ್ಲಿದ್ದ ಅಜ್ಜಿ ನಕ್ಕು, ಅದನ್ನು ಬಿಚ್ಚಿ ಮತ್ತೆ ಕೊಟ್ಟರು. ಮಾರುಗಾಮೆಯಲ್ಲಿ ಹಿಡಿಕೆ, ಕಡ್ಡಿ ಎರಡೂ ಒಂದೇ ಬಿದಿರಿನ ತುಂಡು. ಒಂದು ತುದಿಯನ್ನು ಸಣ್ಣಗೆ ಸೀಳುತ್ತಾ ಹೋಗುತ್ತಾರೆ, ಇನ್ನೊಂದು ತುದಿ ಹಿಡಿಕೆಯಾಗಿ ಉಳಿಯುತ್ತದೆ. ಹಾಗಾಗಿ ಹಿಡಿಕೆ ಕಳಚಿ ಬರುವ ಭಯ ಇಲ್ಲ. ಕ್ಯೋಟೋದ್ದು ಬೇರೆ ಥರ. ಕಡ್ಡಿಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಹಿಡಿಕೆಯನ್ನು ಕೊನೆಗೆ ಸಿಕ್ಕಿಸುತ್ತಾರೆ. ನೋಡಲು ಬಲು ಸೊಗಸು. ಆದರೆ ಅಮ್ಮ ಬೀಸೋಕೇ ಬೇಕು ಅಂದರೆ ನಾನು ಮಾರುಗಾಮೆಯದನ್ನೇ ಕೊಡುವೆ.

ಅಂದ ಹಾಗೆ, ಪ್ಲಾಸ್ಟಿಕ್ ಕಡ್ಡಿಯ ಉಚಿವಾಗಳನ್ನು ಬೇಸಿಗೆಯಲ್ಲಿ ರೈಲ್ವೆ ಸ್ಟೇಷನ್ ಮುಂದೆ ಜಾಹೀರಾತು ಅಂಟಿಸಿ ಸುಮ್ನೆ ಹಂಚುತ್ತಾರೆ. ತಂಗಿಯ ಮನೆಯಲ್ಲಿ ಈಗಾಗಲೇ ನಾಲ್ಕಾದರೂ ಇರಬೇಕು, ಕೇಳಿ ನೋಡಿ!

ಚೀಬಾದಿಂದ

ಇಲ್ಲಿನ ಬೋಶು ಉಚಿವಾದ ಹೆಸರು ಬಿಟ್ಟುಬಿಟ್ಟಿರಲ್ಲ! ಇದಕ್ಕೆ ಬಳಸೋದು ಸಣ್ಣ ಬಿದಿರು, ಹಿಡಿಕೆ ದುಂಡಗೇ ಉಳಿಯುತ್ತದೆ. ಬೆರಳಷ್ಟು ದಪ್ಪದ ಅದೇ ಬಿದಿರನ್ನು 48ರಿಂದ 64 ಕಡ್ಡಿಗಳಾಗಿ ಸೀಳುತ್ತಾರೆ. ನನ್ನ ಅತ್ತೆಗೆ ಬೆರಳ ಕೀಲು ನೋವು. ಅವರ ಕೈಗೆ ಚಪ್ಪಟೆ ಹಿಡಿಕೆಗಿಂತ ಇದೇ ಹಿತವಾಯಿತು.

ಚಿತ್ರದ ವಿಷಯ: ಗೋಲ್ಡ್ ಫಿಶ್ ಅಂದರೆ ಇಲ್ಲಿ ಬೇಸಿಗೆ, ನೀರಿನ ತಂಪು. ಚಂದ್ರನ ಜೊತೆ ಮೊಲ ಇದ್ದರೆ ಅದು ಶರತ್ಕಾಲದ್ದು. ಡ್ರ್ಯಾಗನ್‌ಫ್ಲೈಯನ್ನು ‘ಗೆಲ್ಲುವ ಹುಳ’ ಅನ್ನುತ್ತಾರೆ, ಹಿಂದಕ್ಕೆ ಹಾರುವುದಿಲ್ಲ ಅನ್ನೋ ನಂಬಿಕೆ. ಬೆಕ್ಕು ಬೇಕಿದ್ದರೆ ಕುನಿಯೋಶಿ (1797–1861) ಚಿತ್ರಗಳ ಪ್ರತಿಗಳಿರುತ್ತವೆ. ಅವರು ಬೆಕ್ಕಿನ ಹುಚ್ಚಿನವರು. ಬೀಸಣಿಗೆಗೆಂದೇ ಚಿತ್ರ ಬರೆದವರು. ಅಂಥ ಹಳೆಯವು ಉಳಿದಿರೋದು ಕಡಿಮೆ. ಜನ ಬೀಸಿ ಬೀಸಿ ಹರಿದುಹಾಕಿದರು.

ಮಡಿಕೇರಿಯಿಂದ, ದುಡ್ಡು ಕಳೆದುಕೊಂಡವನು

ಗಿಫುವಿನ ಮಿಝು ಉಚಿವಾ ನೋಡಿ ಮರುಳಾಗಬೇಡಿ. ಮಿಝು ಅಂದರೆ ನೀರು. ತೆಳ್ಳನೆ ಕಾಗದಕ್ಕೆ ವಾರ್ನಿಶ್ ಬಳಿದಿರುತ್ತಾರೆ, ಆಚೆ ಬದಿ ಕಾಣುವಷ್ಟು ತಿಳಿ. ಮೀನು ನಿಜಕ್ಕೂ ನೀರಲ್ಲೇ ಇದ್ದ ಹಾಗೆ. ನಾನು ಎರಡು ತಂದೆ. ಒಂದರ ಮೇಲೊಂದಿಟ್ಟು ಪ್ಲಾಸ್ಟಿಕ್ ಸುತ್ತಿ ಸೂಟ್‌ಕೇಸಿಗೆ ಹಾಕಿದ್ದೆ, ಮೇ ತಿಂಗಳು ಬೇರೆ. ಮನೆಗೆ ಬಂದು ಬಿಚ್ಚಿದರೆ ಎರಡೂ ಅಂಟಿಕೊಂಡಿದ್ದವು. ಬಿಡಿಸಿದಾಗ ಒಂದರ ಮೀನು ಇನ್ನೊಂದರ ಬೆನ್ನಿಗೆ ಹೋಯಿತು. ಹೆಂಡತಿ ಇವತ್ತಿಗೂ ಅದನ್ನು ತೋರಿಸಿ ಆಡಿಕೊಳ್ಳುತ್ತಾಳೆ.

ಮಂಗಳೂರಿನಿಂದ

ಮಳೆಗಾಲದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ ಅಲ್ವಾ? ಸಾದಾ ಕಾಗದದ್ದಕ್ಕೆ ನಮ್ಮಲ್ಲಿ ಬೂಷ್ಟು ಬರುತ್ತದೆ. ನನ್ನದಕ್ಕೆ ಜುಲೈಯಲ್ಲೇ ಬಂತು, ಗೋಡೆಗೆ ಒರಗಿಸಿ ತೂಗುಹಾಕಿದ್ದೇ ತಪ್ಪು. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಅಂಟು ಬಿಡುತ್ತದೆ. ಒಣ ಬ್ರಶ್ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ಸುತ್ತಿ ಬಟ್ಟೆಯ ಬೀರುವಿನಲ್ಲಿ ಇಡುತ್ತೇನೆ. ಆಗಾಗ ತೆಗೆದು ಬೀಸುತ್ತೇನೆ.

ಗಟ್ಟಿ ಬೇಕಿದ್ದರೆ ಶಿಬು ಉಚಿವಾ ಕೇಳಿ. ಕುಮಾಮೊಟೊ ಕಡೆಯ ಕುತಾಮಿಯಲ್ಲಿ ಮಾಡುತ್ತಾರೆ. ಹಸಿ ಪರ್ಸಿಮನ್ ಹಣ್ಣಿನ ಒಗರು ರಸ ಬಳಿದಿರುತ್ತಾರೆ, ನಾವು ಮೊರಕ್ಕೆ ಮೆಂತ್ಯ ಬಳಿಯುವ ಹಾಗೆ. ಕಾಗದ ಬಿಗಿಯಾಗುತ್ತದೆ, ಹುಳ ಹಿಡಿಯುವುದು ಕಡಿಮೆ. ಒಲೆ ಊದಲು ಬಳಸುತ್ತಿದ್ದ ಬೀಸಣಿಗೆ ಅದು, ಕಂದು ಬಣ್ಣ. ನನ್ನದರಲ್ಲಿ ಮೀನೂ ಇಲ್ಲ, ಮೊಲವೂ ಇಲ್ಲ.

ಮೆಲ್ಬರ್ನ್‌ನಿಂದ

ತಂಗಿ ಮುಂದೆ ಆಸ್ಟ್ರೇಲಿಯಾಕ್ಕೆ ಬಂದರೆ ಬಿದಿರಿನ ವಸ್ತು ಇದೆ ಅಂತ ಏರ್‌ಪೋರ್ಟಿನಲ್ಲಿ ಮೊದಲೇ ಹೇಳಲಿ. ಊರಿಗೆ ಒಯ್ಯುವಾಗ ಎರಡು ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲಿ ನಿಲ್ಲಿಸಿ ತರಲಿ. ಸೂಟ್‌ಕೇಸ್ ಬೇಡ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಆರರಲ್ಲಿ ಎರಡು ಮಿಝು ಅಂತ ಈಗ ಗೊತ್ತಾಯಿತು, ದುಬಾರಿ ಅವೇ. ಹಿಡಿಕೆಯ ಫೋಟೋ ಕಳಿಸು ಅಂದರೆ ತಂಗಿ, “ಅಕ್ಕಾ, ನಿಂಗೆ ಮೀನು ಬೇಕಿತ್ತಲ್ವಾ?” ಅಂತ ನಕ್ಕಳು. ಅಮ್ಮನಿಗೆ ಚೀಬಾದ ದುಂಡು ಹಿಡಿಕೆಯದು, ಮೀನು ಇರೋದೇ. ಶಿಬು ಒಂದು ನನಗೆ ಇರಲಿ, ಬದನೆಕಾಯಿ ಸುಡುವಾಗ ಕೆಂಡಕ್ಕೆ ಬೀಸಲು.